ಬೀದರಿನ ಅರಮನೆಯ ಸೊಸೆಯರು : ಕ್ರಿ.ಶ. 1437ರ ಖಾನದೇಶ ಯುದ್ಧವೂ ತವರಿನ ಪ್ರಶ್ನೆಯೂ

ಬಹಮನೀ ರಾಜ್ಯದ ಚರಿತ್ರೆಯನ್ನು ತರಗತಿಗಳಲ್ಲಿ ಬೋಧಿಸುವಾಗ ಕ್ರಿ.ಶ. 1437ರ ಖಾನದೇಶ ಯುದ್ಧವನ್ನು ನಾವು ಸಾಮಾನ್ಯವಾಗಿ ನಾಲ್ಕು ಮಾತುಗಳಲ್ಲಿ ಮುಗಿಸಿಬಿಡುವುದುಂಟು. ಸುಲ್ತಾನ್ ಎರಡನೆಯ ಅಲ್ಲಾವುದ್ದೀನ್ ಅಹ್ಮದನು ಕೊಂಕಣದ ರಾಜಕುಮಾರಿಯೊಬ್ಬಳಲ್ಲಿ ಅನುರಕ್ತನಾದನು. ಹಿರಿಯ ರಾಣಿಗೆ ಮತ್ಸರವುಂಟಾಯಿತು. ಆಕೆ ತನ್ನ ತಂದೆಗೆ ದೂರಿತ್ತಳು. ತಂದೆ ದಂಡೆತ್ತಿ ಬಂದು ಸೋತನು. ಇದಿಷ್ಟೆ. ಸವತಿಮತ್ಸರವೆಂಬ ಒಂದು ಶಬ್ದದಿಂದ ಎಲ್ಲವೂ ವಿವರಿಸಲ್ಪಟ್ಟಂತಾಗಿ, ಉಪಾಧ್ಯಾಯರೂ ವಿದ್ಯಾರ್ಥಿಗಳೂ ಮುಂದಿನ ಅಧ್ಯಾಯಕ್ಕೆ ಸಾಗುತ್ತಾರೆ.

ಈ ವಿವರಣೆಯಲ್ಲಿ ಒಂದು ದೊಡ್ಡ ಕೊರತೆಯುಂಟು. ಅದು ಯುದ್ಧದ ಹೊಣೆಯನ್ನೆಲ್ಲ ಅಂತಃಪುರದ ಇಬ್ಬರು ಹೆಂಗಸರ ತಲೆಗೆ ಕಟ್ಟಿ, ಆ ಮದುವೆಗಳನ್ನು ಏರ್ಪಡಿಸಿದ ಗಂಡಸರನ್ನು ಕೈಬಿಡುತ್ತದೆ. ಪ್ರಕೃತ ಲೇಖನದಲ್ಲಿ ನಾವು ಆ ರಾಣಿಯನ್ನು ಸವತಿಯೆಂದು ನೋಡದೆ, ಬೇರೊಂದು ರಾಜ್ಯದಿಂದ ಬೀದರಿನ ಮನೆತನಕ್ಕೆ ಬಂದ ಸೊಸೆಯೆಂದು ನೋಡಲು ಬಯಸುತ್ತೇವೆ. ಸೊಸೆಯಾಗಿ ಬಂದವಳಿಗೆ ಗಂಡನ ಮನೆಯಲ್ಲಿ ಯಾವುದರ ಬಲದಿಂದ ಸ್ಥಾನ ದೊರೆಯುತ್ತಿದ್ದಿತು? ಆ ಬಲ ಸಾಲದೆ ಹೋದಾಗ ಅವಳಿಗೆ ಯಾವ ದಾರಿ ಉಳಿಯುತ್ತಿದ್ದಿತು? ಅರಮನೆಯ ಮಟ್ಟಿಗೆ ಈ ಪ್ರಶ್ನೆಗೆ ತಕ್ಕಮಟ್ಟಿಗೆ ಉತ್ತರ ಹೇಳಲು ಸಾಧ್ಯವಿದೆ. ಅದೇ ಪ್ರಶ್ನೆಯನ್ನು ಇದೇ ಸೀಮೆಯ ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಒಕ್ಕಲುಮನೆಗಳ ವಿಷಯದಲ್ಲಿಯೂ ಕೇಳಬಹುದಾಗಿದೆ. ಅದನ್ನು ಲೇಖನದ ಕೊನೆಯ ಭಾಗಕ್ಕೆ ಇಟ್ಟುಕೊಂಡಿದ್ದೇವೆ.

ಮೊದಲು ಆಧಾರಗಳ ವಿಚಾರ. ಈ ಘಟನೆಗಳಿಗೆ ನಮಗಿರುವ ಮುಖ್ಯ ಸಾಧನಗಳು ಎರಡು: ಅಹ್ಮದನಗರದ ನಿಜಾಮಶಾಹಿ ಆಸ್ಥಾನದಲ್ಲಿ ಹದಿನಾರನೆಯ ಶತಮಾನದ ಕೊನೆಯಲ್ಲಿ ಅಲಿ ತಬಾತಬಾ ಬರೆದ ‘ಬುರ್ಹಾನೆ ಮಆಸಿರ್’, ಬಿಜಾಪುರದ ಆಸ್ಥಾನದಲ್ಲಿದ್ದ ಫಿರಿಸ್ತಾ ಹದಿನೇಳನೆಯ ಶತಮಾನದ ಆರಂಭದಲ್ಲಿ ಬರೆದ ಇತಿಹಾಸ. ಎಂದರೆ ಫಿರಿಸ್ತಾ ಬರೆಯುವ ವೇಳೆಗೆ ಯುದ್ಧ ನಡೆದು ನೂರೈವತ್ತು ವರ್ಷಗಳಿಗೂ ಹೆಚ್ಚಾಗಿದ್ದವು. ಬಹಮನೀ ರಾಜ್ಯವೇ ಒಡೆದು ಐದಾಗಿದ್ದಿತು. ಇಬ್ಬರೂ ಆಸ್ಥಾನದ ಆಶ್ರಯದಲ್ಲಿ ಬರೆದವರು. ರಾಜರ ಕಥೆಯನ್ನು ರಸವತ್ತಾಗಿ ಹೇಳಬಲ್ಲವರು. ನಮ್ಮ ಕಾಲದಲ್ಲಿ ಗುಲಾಮ್ ಯಜ್ದಾನಿಯವರು 1947ರಲ್ಲಿ ಬೀದರಿನ ಕಟ್ಟಡಗಳ ಮೇಲೆಯೂ, ಹಾರೂನ್ ಖಾನ್ ಶೇರ್ವಾನಿಯವರು 1953ರಲ್ಲಿ ಬಹಮನೀ ಅರಸರ ಮೇಲೆಯೂ ಪ್ರಕಟಿಸಿದ ಗ್ರಂಥಗಳು ಈ ಸಾಧನಗಳನ್ನು ಒರೆಗೆ ಹಚ್ಚಿ ನೋಡಲು ದಾರಿ ಮಾಡಿಕೊಟ್ಟಿವೆ.

ಕಲಬುರ್ಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಅಹ್ಮದ್ ಶಾಹ ವಲಿ ತನ್ನ ಆಳ್ವಿಕೆಯ ಉತ್ತರಾರ್ಧವನ್ನು ಉತ್ತರದ ಗಡಿಯ ಚಿಂತೆಯಲ್ಲಿಯೇ ಕಳೆದನೆನ್ನಬಹುದು. ಒಂದು ಕಡೆ ಮಾಳವ, ಇನ್ನೊಂದು ಕಡೆ ಗುಜರಾತ್. ಇವೆರಡರ ನಡುವೆ ತಾಪೀ ನದಿಯ ಕಣಿವೆಯಲ್ಲಿ ಖಾನದೇಶವೆಂಬ ಪುಟ್ಟ ರಾಜ್ಯ. ಅದನ್ನಾಳುತ್ತಿದ್ದ ಫಾರೂಖಿ ಮನೆತನದ ನಾಸಿರ್ ಖಾನನು (1399–1437) ಬುರ್ಹಾನಪುರ ನಗರವನ್ನು ಕಟ್ಟಿಸಿದವನು. ಸೈನ್ಯಬಲ ಅಲ್ಪ, ಆದರೆ ನೆಲೆ ಮಹತ್ತ್ವದ್ದು. ದಖನಿಗೆ ಬರುವ ಬಾಗಿಲಿನ ಅಗುಳಿ ಅವನ ಕೈಯಲ್ಲಿದ್ದಿತು. ಅಹ್ಮದ್ ಶಾಹನು ಅವನ ಮಗಳಾದ ಆಗಾ ಜೈನಬಳನ್ನು ತನ್ನ ಮಗನಾದ ಯುವರಾಜ ಅಲ್ಲಾವುದ್ದೀನನಿಗೆ ತಂದುಕೊಂಡನು. ನಾಸಿರ್ ಖಾನನಿಗೆ ಗುಜರಾತಿನ ಭಯ. ಅಹ್ಮದ್ ಶಾಹನಿಗೆ ಗಡಿಯಾಚೆ ಒಬ್ಬ ಮಿತ್ರನ ಅಗತ್ಯ. ಕನ್ಯೆ ಬೀದರಿಗೆ ಬಂದಳು. ಮಲಿಕಾ-ಎ-ಜಹಾನ್ ಎಂಬ ಬಿರುದಿಗೆ ಪಾತ್ರಳಾದಳು.

ಇಂತಹ ವಿವಾಹಗಳು ಆ ಮನೆತನಕ್ಕೆ ಹೊಸವಾಗಿರಲಿಲ್ಲ. ಅಹ್ಮದ್ ಶಾಹನ ಅಣ್ಣ ಫಿರೋಜ್ ಶಾಹನು 1407ರಲ್ಲಿ ವಿಜಯನಗರದ ಒಂದನೆಯ ದೇವರಾಯನ ಮಗಳನ್ನು ಮದುವೆಯಾಗಿ ಬಂಕಾಪುರವನ್ನು ಬಳುವಳಿಯಾಗಿ ಪಡೆದುದನ್ನೂ, ಬೀಳ್ಕೊಡಲು ಬಂದ ಮಾವನು ಬಿಡಾರದವರೆಗೂ ಬರದೆ ದಾರಿಯಲ್ಲಿಯೇ ಹಿಂದಿರುಗಿದನೆಂದು ಅಳಿಯನು ಮುನಿದುದನ್ನೂ ಫಿರಿಸ್ತಾ ವಿಸ್ತಾರವಾಗಿ ಹೇಳಿದ್ದಾನೆ. ಅಲ್ಲಿ ಮಾವ–ಅಳಿಯಂದಿರ ಮಾನಾಪಮಾನಗಳಿಗೆ ಪುಟಗಳು ಮೀಸಲಾಗಿವೆ. ಕನ್ಯೆಯ ಪಾಲಿಗೆ ಬಂದುದು ಅತ್ಯಲ್ಪ. ಅದೇ ಯುದ್ಧದ ಕಾರಣವೆಂದು ಅವನು ಹೇಳುವ ಮುದಗಲ್ಲಿನ ಅಕ್ಕಸಾಲಿಗನ ಮಗಳು ಫಿರೋಜನ ಮಗ ಹಸನ್ ಖಾನನನ್ನು ವರಿಸಿ ಸೊಸೆಯಾದ ಕಥೆಯನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಬೇರೆ ಮಾತು. ಯುದ್ಧವೊಂದು ನಡೆಯಿತೆಂದರೆ ಅದರ ಬುಡದಲ್ಲಿ ಹೆಣ್ಣೊಬ್ಬಳನ್ನು ನಿಲ್ಲಿಸುವುದು ಈ ಇತಿಹಾಸಕಾರನ ಅಭ್ಯಾಸವೆಂಬುದನ್ನು ಮಾತ್ರ ನಾವು ಇಲ್ಲಿ ನೆನಪಿಟ್ಟರೆ ಸಾಕು.

1436ರಲ್ಲಿ ಅಹ್ಮದ್ ಶಾಹನು ತೀರಿಕೊಂಡನು. ಅಲ್ಲಾವುದ್ದೀನನು ಪಟ್ಟವೇರಿದನು. ಇಲ್ಲಿ ನಾವು ಒಂದು ಅಂಶವನ್ನು ಗಮನಿಸಬೇಕು: ಆಗಾ ಜೈನಬಳನ್ನು ಆರಿಸಿ ತಂದವನು ಮಾವ, ಆಕೆಯ ತವರಿನೊಡನೆ ಮಾತುಕೊಟ್ಟವನು ಮಾವ. ಮಾವನಿರುವವರೆಗೆ ಆ ಮಾತಿಗೆ ಒಬ್ಬ ಹೊಣೆಗಾರನಿದ್ದನು. ಅವನ ಮರಣದಿಂದ ಸೊಸೆಗೆ ಆದ ನಷ್ಟವನ್ನು ಚರಿತ್ರಕಾರರು ಎತ್ತಿ ಹೇಳಿಲ್ಲವಾದರೂ ಮುಂದಿನ ಘಟನೆಗಳು ಅದನ್ನು ತೋರಿಸಿಕೊಡುತ್ತವೆ.

ಹೊಸ ಸುಲ್ತಾನನು ದಿಲಾವರ್ ಖಾನನೆಂಬ ಸರದಾರನನ್ನು ಕೊಂಕಣದ ಮೇಲೆ ಕಳುಹಿಸಿದನು. ಸಂಗಮೇಶ್ವರದ ರಾಜನು ಶರಣಾಗತನಾಗಿ ಕಪ್ಪಕಾಣಿಕೆಗಳೊಡನೆ ತನ್ನ ಮಗಳನ್ನೂ ಒಪ್ಪಿಸಿದನು. ರೂಪದಲ್ಲಿಯೂ ವಿದ್ಯಾವಿನಯಗಳಲ್ಲಿಯೂ ಅಸಾಮಾನ್ಯಳಾಗಿದ್ದ ಆಕೆಯನ್ನು ಸುಲ್ತಾನನು ಬಹಳವಾಗಿ ಆದರಿಸಿದನು. ಆಕೆಗೆ ಅರಮನೆಯಲ್ಲಿ ಜೇಬಾ ಚೆಹ್ರಾ ಎಂದು ಹೆಸರಾಯಿತು. ಪರೀ ಚೆಹ್ರಾ ಎಂಬ ಪಾಠವೂ ಉಂಟು. ಮೊದಲನೆಯದಕ್ಕೆ ಚೆಲುವಿನ ಮೊಗದವಳೆಂದೂ, ಎರಡನೆಯದಕ್ಕೆ ಅಪ್ಸರೆಯ ಮೊಗದವಳೆಂದೂ ಅರ್ಥ. ಎರಡೂ ಪಾರಸೀ ಶಬ್ದಗಳು. ಎರಡೂ ಗಂಡನ ಮನೆಯವರು ಕಂಡ ರೂಪಕ್ಕೆ ಇಟ್ಟ ಹೆಸರುಗಳು. ತಂದೆತಾಯಿಗಳು ಇಟ್ಟ ಹೆಸರಿನಿಂದ ಚರಿತ್ರೆ ಆಕೆಯನ್ನು ಕರೆಯುವುದಿಲ್ಲ. ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ನಮ್ಮ ನಾಡಿನ ಅನೇಕ ಮನೆತನಗಳಲ್ಲಿ ಇತ್ತೀಚಿನವರೆಗೂ ರೂಢಿಯಲ್ಲಿದ್ದುದನ್ನು ಬಲ್ಲ ವಾಚಕರಿಗೆ ಇದರಲ್ಲಿ ಆಶ್ಚರ್ಯವೆನಿಸಲಾರದು. ಆದರೆ ಒಬ್ಬ ಸೊಸೆ ತನ್ನ ಹೆಸರನ್ನೂ ತವರಿನ ಬಿರುದನ್ನೂ ಉಳಿಸಿಕೊಂಡು, ಇನ್ನೊಬ್ಬಳು ಹೆಸರನ್ನೇ ಕಳೆದುಕೊಂಡುದಕ್ಕೆ ಕಾರಣವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಒಬ್ಬಳು ಮಿತ್ರನ ಮಗಳು. ಮತ್ತೊಬ್ಬಳು ಸೋತವನ ಮಗಳು.

ಇದಾದ ಮೇಲೆ ದಿಲಾವರ್ ಖಾನನು ಕೊಂಕಣದ ಪಾಳೆಯಗಾರರಿಂದ ಲಂಚ ಪಡೆದನೆಂಬ ಸಂದೇಹವುಂಟಾಗಿ ಅವನು ಅಧಿಕಾರಮುದ್ರೆಯನ್ನು ಒಪ್ಪಿಸಿ ನಿವೃತ್ತನಾಗಬೇಕಾಯಿತು. ಸಂಗಮೇಶ್ವರದ ಆ ‘ಕಾಣಿಕೆ’ ರಾಜಕೀಯವಾಗಿ ಪೂರ್ತಿ ನಿಷ್ಕಳಂಕವಾಗಿರಲಿಲ್ಲವೆಂದು ಆಸ್ಥಾನಕ್ಕೇ ತೋರಿದ್ದಿತೆಂಬುದಕ್ಕೆ ಇದು ಸಾಕ್ಷಿ. ಇತ್ತ ಮಲಿಕಾ-ಎ-ಜಹಾನಳು ತನ್ನ ಸ್ಥಿತಿಯನ್ನು ತಂದೆಗೆ ಬರೆದು ತಿಳಿಸಿದಳು.

1437ರಲ್ಲಿ ನಾಸಿರ್ ಖಾನನು ಬಿರಾರದ ಮೇಲೆ ನುಗ್ಗಿದನು. ಆದರೆ ಅವನು ಒಬ್ಬನೇ ಹೊರಡಲಿಲ್ಲ. ಮೊದಲು ಗುಜರಾತಿನ ಅಹ್ಮದ್ ಶಾಹನ ಸಮ್ಮತಿಯನ್ನು ಪಡೆದುಕೊಂಡನು. ಯಾರ ಭಯದಿಂದ ಮಗಳನ್ನು ಬೀದರಿಗೆ ಕೊಟ್ಟಿದ್ದನೋ ಅವನ ಆಶ್ರಯವನ್ನೇ ಈಗ ಹುಡುಕಿದನೆಂಬುದು ಕುತೂಹಲಕರವಾಗಿದೆ. ಬಿರಾರದ ಅನೇಕ ಸರದಾರರು ಅವನ ಕಡೆಗೆ ಸೇರಿಕೊಂಡರು. ಖಲೀಫ ಉಮರನ ವಂಶಜನಾದ ಫಾರೂಖಿಯ ಪಕ್ಷದಲ್ಲಿ ಕಾದುವುದು ಪುಣ್ಯಕಾರ್ಯವೆಂದು ಅವರು ಹೇಳಿಕೊಂಡರಂತೆ. ಬಿರಾರದ ಅಧಿಪತಿ ಖಾನ್-ಎ-ಜಹಾನನು ಸುಲ್ತಾನನಿಗೆ ನಿಷ್ಠನಾಗಿ ಉಳಿದು ನರನಾಳದ ಕೋಟೆಯೊಳಗೆ ಬಾಗಿಲಿಕ್ಕಿಕೊಂಡು ಬೀದರಿಗೆ ಸುದ್ದಿ ಕಳುಹಿಸಿದನು.

ಬೀದರಿನ ಆಲೋಚನಾಸಭೆಯಲ್ಲಿ ದಖನಿ ಸರದಾರರು ಹಿಂಜರಿದರು. ಆಗ ಮುಂದೆ ಬಂದವನು ಬಸ್ರಾದಿಂದ ಬಂದು ನೆಲಸಿದ್ದ ಖಲಫ್ ಹಸನ್, ಮಲಿಕ್-ಉತ್-ತುಜ್ಜಾರ್ ಎಂಬ ಬಿರುದಿನವನು. ದಖನಿಗಳನ್ನು ಬಿಟ್ಟು ಆಫಾಖಿಗಳನ್ನು, ಎಂದರೆ ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಬಂದವರನ್ನು, ಮಾತ್ರ ತನ್ನೊಡನೆ ಕಳುಹಿಸಬೇಕೆಂದು ಅವನು ಕೇಳಿಕೊಂಡನು. ಗುಜರಾತಿನವರೊಡನೆ ಹಿಂದೆ ಮಾಹಿಮಿನಲ್ಲಿ ಆದ ಸೋಲಿಗೆ ದಖನಿಗಳೇ ಕಾರಣರೆಂಬುದು ಅವನ ವಾದ. ಸುಲ್ತಾನನು ಒಪ್ಪಿದನು. ರೋಹಣಖೇಡದ ಘಟ್ಟದಲ್ಲಿ ನಾಸಿರ್ ಖಾನನು ಸೋತನು. ಬುರ್ಹಾನಪುರವು ಸೂರೆಹೋಯಿತು. ಲಳಿಂಗದ ಕೋಟೆಗೆ ಓಡಿಹೋದ ನಾಸಿರ್ ಖಾನನು ಅದೇ ವರ್ಷ ಅಲ್ಲಿಯೇ ಸತ್ತನು. ಖಲಫ್ ಹಸನನು ಕೊಳ್ಳೆಯ ಆನೆಗಳೊಡನೆ ಬೀದರನ್ನು ಹೊಕ್ಕನು. ಇನ್ನು ಮುಂದೆ ದರ್ಬಾರಿನಲ್ಲಿ ಆಫಾಖಿಗಳು ಸಿಂಹಾಸನದ ಬಲಗಡೆಗೂ, ದಖನಿಗಳೂ ಹಬಶಿಗಳೂ ಎಡಗಡೆಗೂ ನಿಲ್ಲಬೇಕೆಂದು ಸುಲ್ತಾನನು ಆಜ್ಞಾಪಿಸಿದನು.

ಆ ಆಜ್ಞೆಯ ಫಲ ವಿದಿತವೇ ಆಗಿದೆ. 1446ರ ಸುಮಾರಿಗೆ ಅದೇ ಖಲಫ್ ಹಸನನು ಅದೇ ಸಂಗಮೇಶ್ವರದ ಘಟ್ಟಗಳಲ್ಲಿ ಶಿರ್ಕೆಯ ವಂಚನೆಗೆ ಸಿಕ್ಕಿ ಮಡಿದನು. ಉಳಿದು ಬಂದ ಆಫಾಖಿಗಳು ದಖನಿ ಸರದಾರರ ಸುಳ್ಳು ವರದಿಯಿಂದಾಗಿ ಚಾಕಣದಲ್ಲಿ ಹತರಾದರು. ಆ ಪಕ್ಷದ್ವೇಷವು ಬೆಳೆದು 1481ರಲ್ಲಿ ಮಹಮೂದ್ ಗವಾನನ ಕೊಲೆಗೆ ದಾರಿಯಾಯಿತು. ಗವಾನನ ಬಳಿಕ ಬಹಮನೀ ರಾಜ್ಯವು ಒಂದಾಗಿ ನಿಂತುದು ಹೆಸರಿಗೆ ಮಾತ್ರ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಷ್ಟಕ್ಕೂ ಮೂಲ ಒಬ್ಬ ರಾಣಿಯ ಮತ್ಸರವೆ? ನಮಗೆ ಹಾಗೆ ತೋರುವುದಿಲ್ಲ. ಕಾಗದ ತಲಪಿದಾಕ್ಷಣ ನಾಸಿರ್ ಖಾನನು ಕುದುರೆಯೇರಿದ್ದರೆ ಅದು ತಂದೆಯ ಕೋಪವೆನ್ನಬಹುದಾಗಿದ್ದಿತು. ಅವನಾದರೋ ಗುಜರಾತನ್ನು ಒಲಿಸಿಕೊಂಡನು, ಬಿರಾರದ ಸರದಾರರನ್ನು ಒಡೆದನು. ಬಿರಾರದ ಮೇಲೆ ಅವನಿಗೆ ಆಸೆಯಿದ್ದಿತು. ಬಿರಾರದವರಿಗೆ ಬೀದರಿನ ಮೇಲೆ ಅಸಮಾಧಾನವಿದ್ದಿತು. ಮಗಳ ದೂರು ಇವೆರಡಕ್ಕೂ ನ್ಯಾಯದ ಹೊದಿಕೆಯಾಯಿತು. ಬೀದರಿನ ಕಡೆಯಿಂದ ನೋಡಿದರೆ, ಆಗಾ ಜೈನಬಳ ಮದುವೆ ಒಂದು ಒಪ್ಪಂದ. ಆಕೆಯ ಸ್ಥಾನಮಾನವೇ ಆ ಒಪ್ಪಂದದ ಮುದ್ರೆ. ಸೊಸೆಯನ್ನು ಮೂಲೆಗೆ ತಳ್ಳುವುದೆಂದರೆ ಒಪ್ಪಂದವನ್ನು ಮುರಿದಂತೆಂಬುದು ಮುದುಕ ಅಹ್ಮದ್ ಶಾಹನಿಗೆ ತಿಳಿದಿದ್ದೀತು. ಮಗನು ಅದನ್ನು ಲಕ್ಷಿಸಲಿಲ್ಲ. ಆಕೆಯ ಕಾಗದವನ್ನು ನಾವು ಮತ್ಸರದ ಮಾತೆಂದು ಓದುವುದಕ್ಕಿಂತ, ಕೊಟ್ಟ ಮಾತು ನಡೆಯುತ್ತಿಲ್ಲವೆಂಬ ವರದಿಯೆಂದು ಓದುವುದು ಹೆಚ್ಚು ಯುಕ್ತ. ಇನ್ನೊಂದು ಮಾತು: ಯುದ್ಧವರ್ಣನೆ ಮೊದಲಾದೊಡನೆ ಚರಿತ್ರಕಾರರ ಲೇಖನಿ ಮಗಳನ್ನು ಬಿಟ್ಟು ತಂದೆಯ ಹಿಂದೆ ಹೊರಡುತ್ತದೆ. ತಂದೆಯನ್ನು ಸೋಲಿಸಿ ಬಂದ ಸೈನ್ಯವನ್ನು ಊರೆಲ್ಲ ಎದುರುಗೊಂಡಾಗ ಆ ಸೊಸೆ ಅದೇ ಕೋಟೆಯೊಳಗಿದ್ದಳೆಂಬುದನ್ನು ಅವರು ನೆನೆಯಲಿಲ್ಲ. ಗಂಡನ ಮನೆಯ ಗೆಲುವು ತವರಿನ ಸೋಲಾದ ದಿನ ಆಕೆಗಿದ್ದ ಒಂದೇ ಬಲವೂ ಹೋಯಿತು.

ತವರಿನ ಬಲವಲ್ಲದೆ ಬೇರೆ ಆಸರೆ ಸಾಧ್ಯವೇ ಇರಲಿಲ್ಲವೆ ಎಂದರೆ, ಇದೇ ಪ್ರಾಂತದಲ್ಲಿ ಮೂರು ಶತಮಾನಗಳಿಗೂ ಹಿಂದೆಯೇ ಆ ವಿಷಯವಾಗಿ ಗಂಭೀರ ಚಿಂತನೆ ನಡೆದಿದ್ದಿತು. ಭಾಲ್ಕಿಯ ನೆರೆಯ ತಾಲ್ಲೂಕಾದ ಇಂದಿನ ಬಸವಕಲ್ಯಾಣವೇ ಚಾಳುಕ್ಯರ ಕಲ್ಯಾಣ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಅಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಗ್ರಂಥದ ಕೊನೆಯಲ್ಲಿ ಆ ನಗರವನ್ನೂ ಆ ಅರಸನನ್ನೂ ಕೊಂಡಾಡಿದನು. ಸ್ತ್ರೀಧನದ ಪಟ್ಟಿಯಲ್ಲಿ ಯಾಜ್ಞವಲ್ಕ್ಯನು ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟುದನ್ನೂ, ಮದುವೆಯ ಅಗ್ನಿಯ ಮುಂದೆ ಬಂದುದನ್ನೂ, ಆಧಿವೇದನಿಕವನ್ನೂ ಹೇಳಿ, ‘ಮೊದಲಾದುದು’ ಎಂದು ನಿಲ್ಲಿಸುತ್ತಾನೆ. ಆ ‘ಮೊದಲಾದುದು’ ಎಂಬಲ್ಲಿ ವಿಜ್ಞಾನೇಶ್ವರನು ದಾಯವಾಗಿ, ಕ್ರಯದಿಂದ, ವಿಭಾಗದಿಂದ ದೊರೆತುದೆಲ್ಲವನ್ನೂ ಸೇರಿಸಿದನು. ಹೆಣ್ಣಿನ ಸ್ವತ್ತಿಗೆ ಇಷ್ಟು ವಿಶಾಲವಾದ ಅರ್ಥವನ್ನು ಮುಂದಿನ ನ್ಯಾಯಾಲಯಗಳು ಕೂಡ ಒಪ್ಪಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಅದನ್ನು ಮೊಟಕುಗೊಳಿಸಿತು.

ನಮ್ಮ ಪ್ರಸಂಗಕ್ಕೆ ಮುಖ್ಯವಾದುದು ಆಧಿವೇದನಿಕ. ಅಧಿವೇದನವೆಂದರೆ ಹೆಂಡತಿಯಿರುವಾಗಲೇ ಇನ್ನೊಬ್ಬಳನ್ನು ಮದುವೆಯಾಗುವುದು. ಹಾಗೆ ಮಾಡುವ ಗಂಡನು ಎರಡನೆಯ ಮದುವೆಗೆ ಎಷ್ಟು ವೆಚ್ಚಮಾಡಿದನೋ ಅಷ್ಟನ್ನು ಮೊದಲಿನವಳಿಗೆ ಕೊಡಬೇಕು. ಅವಳಿಗೆ ಮೊದಲೇ ಸ್ತ್ರೀಧನ ಸಂದಿದ್ದರೆ ಅರ್ಧವನ್ನು ಕೊಡಬೇಕು. ಗಂಡನ ಮನೆಯವರ ವಿಷಯದಲ್ಲಿ ಮಿತಾಕ್ಷರೆಯ ಮಾತು ಇನ್ನೂ ಬಿಗಿಯಾಗಿದೆ. ಬರಗಾಲ, ಅನಿವಾರ್ಯವಾದ ಧರ್ಮಕಾರ್ಯ, ಕಾಯಿಲೆ, ಸೆರೆ ಇಂತಹ ಸಂದರ್ಭಗಳಲ್ಲಿ ಹೆಂಡತಿಯ ಸ್ವತ್ತನ್ನು ಬಳಸಿದ ಗಂಡನು ಅದನ್ನು ಹಿಂದಿರುಗಿಸಬೇಕಾಗಿಲ್ಲ. ಆದರೆ ಗಂಡನನ್ನುಳಿದು ದಾಯಾದಿಗಳಾರೂ ಅವಳು ಬದುಕಿರುವಾಗ ಅದನ್ನು ಮುಟ್ಟುವಂತಿಲ್ಲ. ಮಾವನಾಗಲಿ ಮೈದುನನಾಗಲಿ ಸೊಸೆಯ ಪೆಟ್ಟಿಗೆಗೆ ಕೈಹಾಕಬಾರದೆಂಬ ಈ ನಿಯಮವನ್ನು ಬರೆದ ಊರು ಬೀದರ ಜಿಲ್ಲೆಯಲ್ಲಿಯೇ ಇದೆಯೆಂಬುದು ಇಲ್ಲಿನ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ. ಹಾಗೆಂದು ಮಿತಾಕ್ಷರೆಯನ್ನು ಬರಿದೆ ಹೊಗಳಬೇಕಾಗಿಲ್ಲ. ಮಕ್ಕಳಿಲ್ಲದ ವಿಧವೆಗೆ ಗಂಡನ ಸಮಸ್ತ ಸ್ವತ್ತು ಸಲ್ಲಬೇಕಾದರೆ ಅವನು ಅಣ್ಣತಮ್ಮಂದಿರಿಂದ ಬೇರೆಯಾಗಿ ಸತ್ತಿರಬೇಕು. ಒಟ್ಟುಕುಟುಂಬದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆಗೆ ಉಳಿದುದು ಅನ್ನವಸ್ತ್ರದ ಹಕ್ಕು ಮಾತ್ರ. ಒಟ್ಟುಕುಟುಂಬವೇ ಹೆಚ್ಚಾಗಿದ್ದ ಕಾಲದಲ್ಲಿ ಇದರ ಅರ್ಥವೇನೆಂಬುದನ್ನು ಹೇಳಬೇಕಾಗಿಲ್ಲ.

ಬಹಮನೀ ಅರಮನೆಗೆ ಈ ಶಾಸ್ತ್ರ ಅನ್ವಯಿಸುತ್ತಿರಲಿಲ್ಲ. ಅಲ್ಲಿನ ನ್ಯಾಯ ಷರೀಅತ್ತಿನದು, ವಧುವಿಗೆ ಮಹರಿನ ಹಕ್ಕುಳ್ಳದ್ದು. ನಾವು ಎರಡನ್ನೂ ತೂಗಿ ನೋಡಲು ಹೊರಟಿಲ್ಲ. ಸುಲ್ತಾನನ ಎದುರು ಮಹರನ್ನು ಕೇಳುವವರಾರು, ಚಕ್ರವರ್ತಿಯ ಎದುರು ಆಧಿವೇದನಿಕವನ್ನು ಕೇಳುವವರಾರು?

ಅದೇ ಅರಮನೆಯ ಇನ್ನೊಬ್ಬ ಸೊಸೆಯ ಬಾಳು ಬೇರೊಂದು ಬಗೆಯದು. ಅಲ್ಲಾವುದ್ದೀನನ ಮಗ ಹುಮಾಯೂನನ (1458–1461) ಹೆಂಡತಿ ನರ್ಗಿಸ್ ಬೇಗಂ, ಮಖ್ದೂಮಾ-ಎ-ಜಹಾನ್ ಎಂದು ಪ್ರಸಿದ್ಧಳಾದವಳು. ಕ್ರೂರಿಯೆಂದು ಹೆಸರಾದ ಗಂಡನಿರುವವರೆಗೆ ಆಕೆಯ ಮಾತೇ ಇಲ್ಲ. 1461ರಲ್ಲಿ ಅವನು ತೀರಿಕೊಂಡು ಎಂಟು ವರ್ಷದ ಮಗ ನಿಜಾಮುದ್ದೀನ್ ಅಹ್ಮದನು ಪಟ್ಟಕ್ಕೆ ಬಂದಾಗ ರಾಜ್ಯಭಾರವು ಆಕೆಯ, ಖ್ವಾಜಾ ಜಹಾನ್ ತುರ್ಕನ ಮತ್ತು ಮಹಮೂದ್ ಗವಾನನ ಕೈಗೆ ಸೇರಿತು. ಮಾಹ ಬಾನು ಎಂಬ ಪರಿಚಾರಿಕೆಯ ಮೂಲಕ ಮಂತ್ರಿಗಳೊಡನೆ ಮಾತುಕತೆ ನಡೆಸಿ ಆಕೆ ಆಡಳಿತ ನೋಡಿಕೊಂಡಳೆಂದು ಫಿರಿಸ್ತಾ ಹೇಳುತ್ತಾನೆ. 1462ರಲ್ಲಿ ಮಾಳವದ ಮಹಮೂದ್ ಖಲ್ಜಿ ಬೀದರ ಪಟ್ಟಣವನ್ನು ಹಿಡಿದಾಗ ಕೋಟೆಯನ್ನು ಮಲ್ಲೂ ಖಾನನಿಗೆ ಒಪ್ಪಿಸಿ, ಬಾಲಕನನ್ನು ಕರೆದುಕೊಂಡು ಭೀಮಾತೀರದ ಫಿರೋಜಾಬಾದಿಗೆ ಸರಿದು, ಗುಜರಾತಿನ ನೆರವನ್ನು ತರಿಸಿಕೊಂಡು ರಾಜ್ಯವನ್ನು ಉಳಿಸಿದಳು. 1463ರಲ್ಲಿ ಆ ಬಾಲಕ ಸುಲ್ತಾನನು ತನ್ನ ಮದುವೆಯ ರಾತ್ರಿಯೇ ಸತ್ತನು. ಅಂದು ಸೊಸೆಯಾಗಿ ಬಂದ ಹುಡುಗಿಯೂ ಒಬ್ಬಳಿದ್ದಳು. ಚರಿತ್ರೆಯ ಗಮನವೆಲ್ಲ ವರನ ಸಾವಿನ ಮೇಲೆ.

ಎರಡನೆಯ ಮಗ ಮೂರನೆಯ ಮುಹಮ್ಮದನ ಕಾಲದಲ್ಲಿಯೂ ಆಕೆಯ ಪ್ರಭಾವ ಮುಂದುವರಿಯಿತು; 1466ರಲ್ಲಿ ಅತಿಯಾಗಿ ಬಲಿತ ಖ್ವಾಜಾ ಜಹಾನನು ಹತನಾದುದು ಆಕೆಯ ಸೂಚನೆಯಿಂದ. ಇನ್ನು ಗಮನಾರ್ಹವಾದುದು ಮುಂದಿನದು. ಮಗನಿಗೆ ರಾಜವಂಶದ ಕನ್ಯೆಯನ್ನೇ ತಂದು ಮದುವೆ ಮಾಡಿ, ಆ ಮದುವೆಯೊಡನೆ ಆಕೆ ರಾಜ್ಯಕಾರ್ಯದಿಂದ ಹಿಂದೆ ಸರಿದಳು. ಮಗನು ದಿನವೂ ತಾಯಿಯ ದರ್ಶನಕ್ಕೆ ಹೋಗುತ್ತಿದ್ದನು. ಸೊಸೆ ಮನೆಗೆ ಬಂದಾಗ ಅತ್ತೆ ಬೀಗದ ಕೈ ಬಿಟ್ಟುಕೊಟ್ಟಳೆಂಬ ಮಾತು ನಮ್ಮ ಕಥೆ–ಗಾದೆಗಳಲ್ಲಿ ಅಪರೂಪ, ಅರಮನೆಗಳಲ್ಲಂತೂ ಇನ್ನೂ ಅಪರೂಪ. ದೂರದ ಮಿತ್ರನ ಮಗ್ಗುಲಿನಿಂದಲ್ಲ, ಸ್ವಂತ ಬಳಗದಿಂದ ಸೊಸೆಯನ್ನು ಆರಿಸಿದುದರಲ್ಲಿ 1437ರ ನೆನಪು ಕೆಲಸ ಮಾಡಿರಬಹುದೆಂಬುದು ನಮ್ಮ ಊಹೆ ಮಾತ್ರ. 1472ರ ಬೆಳಗಾವಿಯ ದಂಡಯಾತ್ರೆಯಲ್ಲಿ ಮಗನೊಡನೆ ಹೋಗಿದ್ದ ಆಕೆ ಅಲ್ಲಿಯೇ ತೀರಿಕೊಂಡಳು. ದೇಹವನ್ನು ಬೀದರಿಗೆ ತಂದು ಸಮಾಧಿ ಮಾಡಿದರು. ಆಕೆ ನಿಂತುದು ತವರಿನ ಬಲದಿಂದಲ್ಲ, ಮಕ್ಕಳ ಬಲದಿಂದ.

ಬಳಗದಿಂದ ತಂದ ಸೊಸೆ, ಹೊರಗಿನಿಂದ ತಂದ ಸೊಸೆ ಎಂಬ ಈ ಭೇದವು ಭಾಲ್ಕಿ, ಔರಾದ್ ಸೀಮೆಯ ಸಾಮಾನ್ಯ ಮನೆಗಳನ್ನು ತಿಳಿಯುವುದಕ್ಕೂ ಉಪಯುಕ್ತವಾದುದು. ಕನ್ನಡದಲ್ಲಿ ಅತ್ತೆಯೆಂದರೆ ತಂದೆಯ ಅಕ್ಕತಂಗಿಯೂ ಹೌದು, ಗಂಡನ ತಾಯಿಯೂ ಹೌದು. ಮಾವನೆಂದರೆ ತಾಯಿಯ ಅಣ್ಣತಮ್ಮನೂ ಹೌದು, ಗಂಡನ ತಂದೆಯೂ ಹೌದು. ಅಕ್ಕನ ಮಗಳನ್ನೂ ಸೋದರಸೊಸೆಯೆಂದೇ ಕರೆಯುತ್ತೇವೆ. ಎಂದರೆ ಈ ಭಾಷೆಯ ದೃಷ್ಟಿಯಲ್ಲಿ ಸೊಸೆ ಮದುವೆಗೆ ಮುಂಚೆಯೇ ಮನೆಯವಳು. ಮರಾಠಿ ಸಮಾಜದಲ್ಲಿ ಸೋದರಮಾವನ ಮಗಳನ್ನು ತರುವುದುಂಟು. ಅಕ್ಕನ ಮಗಳನ್ನು ಮದುವೆಯಾಗುವುದು ನಿಷಿದ್ಧ. ಇರಾವತಿ ಕರ್ವೆಯವರು 1953ರಲ್ಲಿ ಹೊರತಂದ ಭಾರತದ ಬಂಧುತ್ವವ್ಯವಸ್ಥೆಯ ಗ್ರಂಥದಲ್ಲಿ ಮಹಾರಾಷ್ಟ್ರವನ್ನು ಉತ್ತರ–ದಕ್ಷಿಣ ಪದ್ಧತಿಗಳು ಕೂಡುವ ನಡುಸೀಮೆಯೆಂದು ವಿವರಿಸಿದ್ದಾರೆ. ಆ ನಡುಸೀಮೆಯ ಅಂಚು ಹಾದುಹೋಗುವುದು ಮಂಜರಾ ನದಿಯ ಈ ತಾಲ್ಲೂಕುಗಳಲ್ಲಿಯೇ. ಇಲ್ಲಿ ತವರು, ಮಾಹೇರ, ಪುಟ್ಟಿಲ್ಲು, ಮೈಕಾ ಎಂಬ ನಾಲ್ಕು ಮಾತುಗಳೂ ಕಿವಿಗೆ ಬೀಳುತ್ತವೆ. ಔರಾದಿನ ಕನ್ನಡ ಮನೆಗೆ ಉದಗೀರ, ದೇಗಲೂರ ಕಡೆಯ ಮರಾಠಿ ಸೊಸೆಯಾಗಲಿ, ನಾರಾಯಣಖೇಡದ ತೆಲುಗು ಸೊಸೆಯಾಗಲಿ ಬಂದರೆ ಯಾರೂ ಬೆರಗಾಗುವುದಿಲ್ಲ. ಬೀಸುವ ಕಲ್ಲಿನ ಮುಂದೆ ಅತ್ತೆ ಕನ್ನಡದ ತ್ರಿಪದಿಯನ್ನೂ ಸೊಸೆ ಮರಾಠಿಯ ಓವಿಯನ್ನೂ ಹಾಡುವ ಮನೆಗಳ ಸೀಮೆ ಇದು. ಎರಡು ಭಾಷೆಯ ಹಾಡುಗಳಿಗೂ ತವರೇ ದೊಡ್ಡ ವಸ್ತು.

1956ರ ನವೆಂಬರ್ 1ರಂದು ಈ ಸೀಮೆ ಮೂರಾಗಿ ಒಡೆಯಿತು. ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹ್ಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೂ, ಬೀದರ, ಭಾಲ್ಕಿ, ಔರಾದ್, ಹುಮನಾಬಾದುಗಳು ಮೈಸೂರು ರಾಜ್ಯಕ್ಕೂ ಸೇರಿದವು. ಬೀದರಿನಿಂದ ಭಾಲ್ಕಿ, ಕಮಲನಗರಗಳ ಮೇಲೆ ಉದಗೀರಕ್ಕೆ ಹೋಗುವ ರೈಲು ಎಂದಿನಂತೆ ಹೋಯಿತು. ಆದರೆ ಪಂಚಮಿಗೆ ತವರಿಗೆ ಹೊರಟ ಸೊಸೆ ಈಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವಳಾದಳು. ಕಂದಾಯದ ಕಾಗದಗಳ ಭಾಷೆಯೂ ಮಕ್ಕಳ ಶಾಲೆಯ ಭಾಷೆಯೂ ತವರಿನಲ್ಲೊಂದು, ಗಂಡನ ಮನೆಯಲ್ಲೊಂದು.

ಅದೇ ವರ್ಷದಲ್ಲಿಯೇ, ಜೂನ್ 17ರಂದು, ಹಿಂದೂ ಉತ್ತರಾಧಿಕಾರದ ಅಧಿನಿಯಮ ಬಂದಿತು. ಗಂಡನು ತಂದೆಗಿಂತ ಮುಂಚೆ ಸತ್ತರೆ ವಿಧವೆಯಾದ ಸೊಸೆ ಮಾವನ ಮೊದಲ ವರ್ಗದ ವಾರಸುದಾರಳೆಂದು ಅದು ವಿಧಿಸಿತು. ಡಿಸೆಂಬರಿನಲ್ಲಿ ಬಂದ ಇನ್ನೊಂದು ಅಧಿನಿಯಮವು ವಿಧವೆ ಸೊಸೆಯ ಜೀವನಾಂಶದ ಹೊಣೆಯನ್ನು, ಕೆಲವು ಷರತ್ತುಗಳೊಡನೆ, ಮಾವನ ಮೇಲಿರಿಸಿತು. ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಬಿಟ್ಟಿದ್ದ ತೆರಪನ್ನು ಎಂಟುನೂರು ವರ್ಷಗಳ ಮೇಲೆ ಸ್ವಲ್ಪಮಟ್ಟಿಗೆ ತುಂಬಿದಂತಾಯಿತು. ಮುಸಲ್ಮಾನ ಮನೆಗಳಲ್ಲಿ ಸೊಸೆ ಮಾವನ ವಾರಸುದಾರಳಲ್ಲ. ಆದರೆ ಮಗಳಾಗಿ ತವರಿನಲ್ಲಿ ಮೊದಲಿನಿಂದಲೂ ಆಕೆಗೆ ಪಾಲುಂಟು, ಅಣ್ಣನ ಪಾಲಿನ ಅರ್ಧದಷ್ಟು.

ಹಿಂದೂ ಮಗಳಿಗೆ ತವರಿನ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಬಂದ ಬಗೆ ಈ ಗಡಿಸೀಮೆಯಲ್ಲಿ ವಿಚಿತ್ರವಾದುದು. ಆಂಧ್ರಪ್ರದೇಶವು 1985ರ ಸೆಪ್ಟೆಂಬರ್ 5ರಿಂದಲೂ, ಮಹಾರಾಷ್ಟ್ರವು 1994ರ ಜೂನಿನಿಂದಲೂ, ಕರ್ನಾಟಕವು 1994ರ ಜುಲೈ ಕೊನೆಯಿಂದಲೂ ಅದನ್ನು ಕೊಟ್ಟವು. ಅದಕ್ಕೆ ಮುಂಚೆ ಮದುವೆಯಾದವರನ್ನು ಮೂರೂ ಹೊರಗಿಟ್ಟವು. ಆದುದರಿಂದ 1990ರಲ್ಲಿ ನಾರಾಯಣಖೇಡದಿಂದ ಔರಾದಿಗೆ ಸೊಸೆಯಾಗಿ ಬಂದವಳಿಗೆ ತವರಿನ ಹೊಲದಲ್ಲಿ ಹಕ್ಕಿದ್ದಿತು. ಅದೇ ವರ್ಷ ಔರಾದಿನಿಂದ ನಾರಾಯಣಖೇಡಕ್ಕೆ ಹೋದ ಸೊಸೆಗೆ ಇರಲಿಲ್ಲ. ಮನೆಗೆ ಬಂದ ಸೊಸೆಗೂ ಮನೆಯಿಂದ ಹೋದ ನಾದಿನಿಗೂ ನಡುವೆ ಈ ಅಂತರ 2005ರ ಕೇಂದ್ರದ ತಿದ್ದುಪಡಿಯವರೆಗೆ ಉಳಿಯಿತು. ಆ ತಿದ್ದುಪಡಿಯ ಅರ್ಥವನ್ನು ಕುರಿತ ವಿವಾದವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟಿನಲ್ಲಿ ಬಗೆಹರಿಸಿತು.

ಹಕ್ಕು ಬಂದ ಮೇಲೆಯೂ ಅದನ್ನು ಬಿಟ್ಟುಕೊಡುವ ಹೆಣ್ಣುಮಕ್ಕಳು ಅನೇಕರು. ಅಣ್ಣತಮ್ಮಂದಿರ ಹೆಸರಿಗೆ ಹಕ್ಕು ಬಿಡುಗಡೆಯ ಪತ್ರವನ್ನು ಬರೆದುಕೊಡುವವರಿಗೆ ತಮ್ಮದೇ ಲೆಕ್ಕವಿರುತ್ತದೆ: ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು, ಬಾಗಿಲು ಮುಚ್ಚಿದರೆ ಗಂಡನ ಮನೆಯಲ್ಲಿ ತನ್ನ ಪರವಾಗಿ ಮಾತಾಡುವವರು ಯಾರು? ಆಗಾ ಜೈನಬಳು ಕಾಗದ ಬರೆದ ದಿನದ ಲೆಕ್ಕವೂ ಇದೇ. ಬೀದರ, ಭಾಲ್ಕಿ, ಔರಾದುಗಳ ಉಪನೋಂದಣಿ ಕಚೇರಿಗಳಲ್ಲಿ 1994ರಿಂದೀಚೆಗೆ ಸೇರಿರುವ ಇಂತಹ ಪತ್ರಗಳನ್ನು, ಬರೆದುಕೊಟ್ಟವಳ ಗಂಡನ ಊರು ಗಡಿಯ ಯಾವ ಮಗ್ಗುಲಿನದೆಂಬುದನ್ನು ಗುರುತಿಸಿಕೊಂಡು, ವರ್ಷವರ್ಷಕ್ಕೂ ವಿಂಗಡಿಸಿ ನೋಡುವುದು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸ.